ಸೊಂಟ ನೋವಿಗೆ ಮಂಡಿಯ ಹಿಂದೆ ಸೂಜಿ! ಏನಿದು ‘ವೇಝೊಂಗ್’ ಬಿಂದು?

ನೋವಿರುವುದು ಸೊಂಟದಲ್ಲಿ, ಸೂಜಿ ಚುಚ್ಚುವುದು ಮಂಡಿಯ ಹಿಂದೆ! ಸೊಂಟ ನೋವಿಗೆಂದು ಮೊದಲ ಸಲ ಆಕ್ಯುಪಂಕ್ಚರ್ ಮಾಡಿಸಿಕೊಳ್ಳಲು ಹೋದವರಿಗೆ ಇದು ವಿಚಿತ್ರ ಎನಿಸಬಹುದು. ಆದರೆ ಚೀನಾದ ಈ ಪುರಾತನ ಪದ್ಧತಿಯಲ್ಲಿ ಸೊಂಟ ನೋವಿಗೆ ಬಲು ಹೆಸರುವಾಸಿಯಾದ ಬಿಂದು ಇರುವುದೇ ಅಲ್ಲಿ. ಅದರ ಹೆಸರು ‘ವೇಝೊಂಗ್’. ಚಿಕಿತ್ಸಕರ ಚಾರ್ಟ್‌ನಲ್ಲಿ ಇದು ಬಿಎಲ್-40. ಇದರಿಂದ ನಿಜಕ್ಕೂ ನೋವು ಕಡಿಮೆಯಾಗುತ್ತದೆಯೇ? ಸಂಶೋಧನೆಗಳು ಏನು ಹೇಳುತ್ತವೆ? ಇಲ್ಲಿದೆ ಮಾಹಿತಿ.

ಎಲ್ಲಿದೆ ಈ ಬಿಂದು?

ಮಂಡಿಯನ್ನು ಸ್ವಲ್ಪ ಮಡಚಿದರೆ ಹಿಂಭಾಗದಲ್ಲಿ ಅಡ್ಡ ಗೆರೆಯೊಂದು ಮೂಡುತ್ತದೆ. ಅದರ ಎರಡೂ ಬದಿಯಲ್ಲಿ ಹಗ್ಗದಂತೆ ಬಿಗಿಯಾದ ಸ್ನಾಯುರಜ್ಜುಗಳು ಕೈಗೆ ಸಿಗುತ್ತವೆ. ಅವುಗಳ ನಡುವೆ, ಗೆರೆಯ ಸರಿಮಧ್ಯದಲ್ಲಿ ಇರುವುದೇ ವೇಝೊಂಗ್. ಬಾಗುವ ಜಾಗದ ನಡುಭಾಗ ಎಂಬುದು ಈ ಚೀನೀ ಹೆಸರಿನ ಅರ್ಥ.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಪ್ರಕಟಿಸಿದ 361 ಬಿಂದುಗಳ ಪ್ರಮಾಣಿತ ಪಟ್ಟಿಯಲ್ಲೂ ಇದಿದೆ. ಆದರೆ ಆ ಪಟ್ಟಿ ತಿಳಿಸುವುದು ಬಿಂದುವಿನ ಜಾಗವನ್ನು ಮಾತ್ರ, ಅದರಿಂದ ರೋಗ ವಾಸಿಯಾಗುತ್ತದೆ ಎಂದಲ್ಲ.

ಮಂಡಿಗೂ ಸೊಂಟಕ್ಕೂ ಏನು ನಂಟು?

ಚೀನೀ ವೈದ್ಯಶಾಸ್ತ್ರದ ಪ್ರಕಾರ ದೇಹದಲ್ಲಿ ಶಕ್ತಿ ಹರಿಯುವ ಮಾರ್ಗಗಳಿವೆ. ಅವುಗಳಲ್ಲೊಂದಾದ ಮೂತ್ರಕೋಶ ಮಾರ್ಗವು ಕಣ್ಣಿನ ಒಳಮೂಲೆಯಲ್ಲಿ ಶುರುವಾಗಿ, ನೆತ್ತಿಯ ಮೇಲಿಂದ ಹಾದು, ಬೆನ್ನಿನಲ್ಲಿ ಎರಡು ಕವಲಾಗಿ ಇಳಿಯುತ್ತದೆ. ಆ ಕವಲುಗಳು ಮತ್ತೆ ಕೂಡುವುದು ಮಂಡಿಯ ಹಿಂದೆ. ಹಾಗಾಗಿ ಬೆನ್ನಿನ ತೊಂದರೆಗೆ ಇಲ್ಲಿ ಸೂಜಿ ಹಾಕುತ್ತಾರೆ.

ಆಧುನಿಕ ವೈದ್ಯಶಾಸ್ತ್ರ ಇಂಥ ಶಕ್ತಿಮಾರ್ಗಗಳನ್ನು ಒಪ್ಪುವುದಿಲ್ಲ. ಆದರೆ ಸೊಂಟದಿಂದ ಹೊರಡುವ ಸಯಾಟಿಕ್ ನರದ ದೊಡ್ಡ ಕವಲೊಂದು ಮಂಡಿಯ ಹಿಂದೆಯೇ ಸಾಗುತ್ತದೆ ಎಂಬುದು ನಿಜ. ಹಾಗೆಂದ ಮಾತ್ರಕ್ಕೆ ಅಲ್ಲಿ ಚುಚ್ಚಿದರೆ ಸೊಂಟ ನೋವು ಹೋಗುತ್ತದೆ ಎಂದು ಸಾಬೀತಾಗುವುದಿಲ್ಲ.

ಸಂಶೋಧನೆ ಏನನ್ನುತ್ತದೆ?

ಜರ್ಮನಿಯಲ್ಲಿ ದೀರ್ಘಕಾಲದ ಸೊಂಟ ನೋವಿದ್ದ 1,162 ಮಂದಿಯ ಮೇಲೆ ನಡೆದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಆರು ತಿಂಗಳ ಬಳಿಕ, ನಿಜವಾದ ಆಕ್ಯುಪಂಕ್ಚರ್ ಪಡೆದವರಲ್ಲಿ ಶೇ. 47.6 ಮಂದಿಗೆ ಗುಣ ಕಂಡಿತ್ತು. ಔಷಧ, ವ್ಯಾಯಾಮದಂಥ ಸಾಮಾನ್ಯ ಚಿಕಿತ್ಸೆ ಪಡೆದವರಲ್ಲಿ ಈ ಪ್ರಮಾಣ ಶೇ. 27.4 ಮಾತ್ರ.

ಅಚ್ಚರಿಯ ಸಂಗತಿ ಮುಂದಿದೆ. ಮೂರನೇ ಗುಂಪಿಗೆ ಆಕ್ಯುಪಂಕ್ಚರ್ ಬಿಂದುಗಳೇ ಅಲ್ಲದ ಕಡೆ ಸೂಜಿಯನ್ನು ಮೇಲೆಮೇಲೆ ಚುಚ್ಚಲಾಗಿತ್ತು. ಅವರಲ್ಲೂ ಶೇ. 44.2 ಮಂದಿಗೆ ಗುಣ ಕಂಡಿತು! 2009ರ ಅಮೆರಿಕದ ಅಧ್ಯಯನವೊಂದರಲ್ಲಿ 638 ಮಂದಿ ಭಾಗವಹಿಸಿದ್ದರು. ಅಲ್ಲಿ ಒಂದು ಗುಂಪಿಗೆ ಸೂಜಿಯ ಬದಲು ಹಲ್ಲುಕಡ್ಡಿ ಒತ್ತಿದಾಗಲೂ ಹೆಚ್ಚುಕಡಿಮೆ ಅಷ್ಟೇ ಪರಿಹಾರ ಸಿಕ್ಕಿತು.

ಅಂದರೆ ಹಲವರಿಗೆ ನೋವು ಇಳಿಯುತ್ತದೆ. ಆದರೆ ಇಂಥದ್ದೇ ಬಿಂದುವಿಗೆ ಚುಚ್ಚಬೇಕು ಎಂಬ ಮಾತಿಗೆ ಪುರಾವೆ ಗಟ್ಟಿಯಿಲ್ಲ. ಆರೈಕೆ, ವಿಶ್ರಾಂತಿ, ಗುಣವಾಗುತ್ತದೆ ಎಂಬ ನಂಬಿಕೆ ಕೂಡ ಕೆಲಸ ಮಾಡುತ್ತಿರಬಹುದು. ಇದೇ ಕಾರಣಕ್ಕೆ ತಜ್ಞ ಸಂಸ್ಥೆಗಳಲ್ಲೂ ಒಮ್ಮತವಿಲ್ಲ. ಸೊಂಟ ನೋವಿಗೆ ಆಕ್ಯುಪಂಕ್ಚರ್ ಬೇಡ ಎಂದು ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಹೇಳಿದರೆ, ಮಾತ್ರೆಗೆ ಮೊದಲು ಪ್ರಯತ್ನಿಸಬಹುದಾದ ವಿಧಾನಗಳಲ್ಲಿ ಇದೂ ಒಂದು ಎಂದು ಅಮೆರಿಕದ ವೈದ್ಯರ ಕಾಲೇಜು 2017ರಲ್ಲಿ ಹೇಳಿತು.

ಮನೆಯಲ್ಲಿ ಪ್ರಯೋಗ ಬೇಡ

ಮಂಡಿಯ ಹಿಂದಿನ ಗುಳಿಯಲ್ಲಿ ಕಾಲಿಗೆ ರಕ್ತ ಒಯ್ಯುವ ಮುಖ್ಯ ರಕ್ತನಾಳ ಮತ್ತು ನರ ಎರಡೂ ಇವೆ. ಆದ್ದರಿಂದ ಇಲ್ಲಿ ತಾವಾಗಿ ಸೂಜಿ ಚುಚ್ಚಿಕೊಳ್ಳುವುದು ಅಪಾಯ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಮತ್ತು ಉಬ್ಬಿದ ರಕ್ತನಾಳದ ಸಮಸ್ಯೆ ಇರುವವರು ಮೊದಲೇ ವೈದ್ಯರಿಗೆ ತಿಳಿಸಬೇಕು. ಒಂದೇ ಕಾಲಿನ ಮೀನಖಂಡ ಊದಿಕೊಂಡು ನೋಯುತ್ತಿದ್ದರೆ ಮಸಾಜ್ ಕೂಡ ಮಾಡಬಾರದು. ಅದು ರಕ್ತ ಹೆಪ್ಪುಗಟ್ಟಿರುವ ಲಕ್ಷಣವಿರಬಹುದು.

ಕೇಂದ್ರ ಸರ್ಕಾರ 2019ರಲ್ಲಿ ಆಕ್ಯುಪಂಕ್ಚರ್‌ಗೆ ಪ್ರತ್ಯೇಕ ಚಿಕಿತ್ಸಾ ಪದ್ಧತಿಯ ಮಾನ್ಯತೆ ನೀಡಿದೆ. ಮಹಾರಾಷ್ಟ್ರದಲ್ಲಿ ಇದಕ್ಕೆಂದೇ ಕಾಯ್ದೆ ಮತ್ತು ಕೌನ್ಸಿಲ್ ಇವೆ. ಹಾಗಾಗಿ ಮುಂಬೈ, ಪುಣೆಯಲ್ಲಿರುವವರು ಚಿಕಿತ್ಸಕರ ನೋಂದಣಿಯನ್ನು ಕೇಳಿ ನೋಡಬಹುದು. ಎಲ್ಲೇ ಆಗಲಿ, ಒಮ್ಮೆ ಬಳಸಿ ಎಸೆಯುವ ಹೊಸ ಸೂಜಿಯನ್ನು ನಿಮ್ಮೆದುರೇ ತೆರೆಯುತ್ತಾರೆಯೇ ಎಂದು ಗಮನಿಸಿ.

ಯಾವಾಗ ತಡಮಾಡಬಾರದು?

ಸಾಮಾನ್ಯ ಸೊಂಟ ನೋವು ಬಹುತೇಕ ಮಂದಿಗೆ ಕೆಲವು ವಾರಗಳಲ್ಲಿ ತಾನಾಗಿ ಕಡಿಮೆಯಾಗುತ್ತದೆ. ಹಾಸಿಗೆ ಹಿಡಿಯದೆ ಓಡಾಡುತ್ತಿರುವುದೇ ಒಳ್ಳೆಯದು. ಆದರೆ ಮೂತ್ರ ಕಟ್ಟಿಕೊಂಡರೆ ಅಥವಾ ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿಯ ಸುತ್ತ ಮರಗಟ್ಟಿದರೆ, ಕಾಲು ಬಲ ಕಳೆದುಕೊಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ನೋವಿನ ಜತೆ ಜ್ವರವಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಅಥವಾ ಬಿದ್ದ ಬಳಿಕ ನೋವು ಶುರುವಾಗಿದ್ದರೆ ಮೊದಲು ವೈದ್ಯರಿಂದ ಪರೀಕ್ಷೆ ಮಾಡಿಸಿಕೊಳ್ಳಿ. ಸೂಜಿಯ ವಿಚಾರವೇನಿದ್ದರೂ ಆಮೇಲೆ.