ಐಖ್‌ಮನ್‌ನನ್ನು ಹುಡುಕಿದ್ದು ಮೊಸಾದ್ ಅಲ್ಲ

ಲಕ್ಷಾಂತರ ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸಿದ ಅಡಾಲ್ಫ್ ಐಖ್‌ಮನ್ ಅರ್ಜೆಂಟೀನಾದಲ್ಲಿ ತಲೆಮರೆಸಿಕೊಂಡಿದ್ದ. ಇಸ್ರೇಲಿನ ಗೂಢಚಾರ ಸಂಸ್ಥೆ ಮೊಸಾದ್ ವರ್ಷಗಟ್ಟಲೆ ಬೆನ್ನು ಬಿಡದೆ ಹುಡುಕಿ ಎಳೆದು ತಂದಿತು. 2018ರ ‘ಆಪರೇಷನ್ ಫಿನಾಲೆ’ ಸಿನಿಮಾ ನೋಡಿದವರ ನೆನಪಿನಲ್ಲಿ ಉಳಿಯುವ ಕಥೆ ಇದು. ಇಸ್ರೇಲಿನ ಗೂಢಚಾರರ ಕಣ್ತಪ್ಪಿಸಿ ಯಾರೂ ಬದುಕಲಾರರು ಎಂದು ಕನ್ನಡದ ಯೂಟ್ಯೂಬ್ ವಿಡಿಯೊಗಳೂ ಸಾರುತ್ತವೆ. ಹಿಡಿದದ್ದು ಮೊಸಾದ್, ಅದು ನಿಜ. ಹುಡುಕಿದ್ದು ಅದಲ್ಲ. ಕೈಗೆ ಬಂದ ವಿಳಾಸವನ್ನೇ ನಂಬದೆ ಅದು ಎರಡು ವರ್ಷ ಕಳೆಯಿತು.

ಹುಡುಕಿದವರು ಲೋಥಾರ್ ಹರ್ಮನ್. ನಾಜಿಗಳ ಡಖಾವ್ ಶಿಬಿರದಲ್ಲಿ ಸೆರೆಯಿದ್ದು, ಅರ್ಜೆಂಟೀನಾಕ್ಕೆ ಓಡಿಬಂದು, ಕಣ್ಣು ಕಳೆದುಕೊಂಡ ಮನುಷ್ಯ. ಅವರ ಮಗಳಿಗೆ ಕ್ಲಾಸ್ ಐಖ್‌ಮನ್ ಎಂಬ ಹುಡುಗನ ಪರಿಚಯವಾಯಿತು. ಅಪ್ಪ ರಿಕಾರ್ಡೊ ಕ್ಲೆಮೆಂಟ್ ಎಂದು ಹೆಸರು ಬದಲಿಸಿಕೊಂಡಿದ್ದರೂ ಮಕ್ಕಳು ಮನೆತನದ ಹೆಸರಿನಲ್ಲೇ ಓಡಾಡುತ್ತಿದ್ದರು! ಹರ್ಮನ್ ಮನೆಗೆ ಬಂದಾಗ ಆ ಹುಡುಗ ಯಹೂದಿಗಳನ್ನು ಪೂರ್ತಿ ಮುಗಿಸಬೇಕಿತ್ತು ಎಂದೂ ಹೇಳಿದ್ದ. ಮುಂದೆ ಮಗಳೇ ಅವನ ಮನೆಗೆ ಹೋದಳು. ಬಾಗಿಲಲ್ಲಿ ಮಾತನಾಡಿಸಿದ ನಡುವಯಸ್ಸಿನವನು ತಾನು ಕ್ಲಾಸ್‌ನ ಸಂಬಂಧಿಕ ಎಂಬಂತೆ ನಡೆದುಕೊಂಡ. ಹೊರಡುವ ಹೊತ್ತಿಗೆ ಕ್ಲಾಸ್ ಅವನನ್ನು ‘ಅಪ್ಪಾ’ ಎಂದು ಕರೆದುಬಿಟ್ಟ.

1957ರಲ್ಲಿ ಹರ್ಮನ್ ಪತ್ರ ಬರೆದದ್ದು ಪಶ್ಚಿಮ ಜರ್ಮನಿಯ ಹೆಸೆ ರಾಜ್ಯದ ಮುಖ್ಯ ಸರ್ಕಾರಿ ವಕೀಲ ಫ್ರಿಟ್ಸ್ ಬಾವರ್ ಅವರಿಗೆ. ಬಾವರ್ ಸ್ವತಃ ಯಹೂದಿ, ನಾಜಿಗಳ ಸೆರೆ ಕಂಡವರು. ಬಾನ್‌ನಲ್ಲಿದ್ದ ತಮ್ಮ ದೇಶದ ಸರ್ಕಾರಕ್ಕೆ ತಿಳಿಸಿದರೆ ಸುದ್ದಿ ಸೋರಿ ಐಖ್‌ಮನ್ ಪರಾರಿಯಾಗುತ್ತಾನೆಂದು ಅವರು ಅಂಜಿದರು. ಆ ಅಂಜಿಕೆಗೆ ಕಾರಣವಿತ್ತು: ನಾಜಿಗಳ ಜನಾಂಗೀಯ ಕಾಯ್ದೆಗೆ ವ್ಯಾಖ್ಯಾನ ಬರೆದ ಹಾನ್ಸ್ ಗ್ಲೋಬ್ಕೆಯೇ ಆಗ ಚಾನ್ಸಲರ್ ಕಚೇರಿಯ ಮುಖ್ಯಸ್ಥ. ಹಾಗಾಗಿ ಬಾವರ್ ತಮ್ಮ ದೇಶದ ಕಾನೂನನ್ನೇ ಮೀರಿ ಗುಟ್ಟಾಗಿ ಇಸ್ರೇಲಿಗೆ ತಿಳಿಸಿದರು.

ಮೊಸಾದ್ ಏನು ಮಾಡಿತು? 1958ರ ಜನವರಿಯಲ್ಲಿ ಒಬ್ಬ ಏಜೆಂಟನನ್ನು ಬ್ಯೂನಸ್ ಐರಿಸ್‌ನ ಹೊರವಲಯದಲ್ಲಿ ಹರ್ಮನ್ ಹೇಳಿದ ಚಕಬುಕೊ ಬೀದಿಗೆ ಕಳಿಸಿತು. ಮನೆ ಸಣ್ಣದು, ಬಡವರ ಬೀದಿ. ದೊಡ್ಡ ನಾಜಿ ಅಧಿಕಾರಿ ಇಂಥಲ್ಲಿ ಇರಲಾರ ಎಂದು ಆತ ವಾಪಸಾದ. ಓಡಿಹೋದ ನಾಜಿಗಳೆಲ್ಲ ಕದ್ದ ಚಿನ್ನದ ಮೇಲೆ ಬಂಗಲೆ ಕಟ್ಟಿ ಮೆರೆಯುತ್ತಾರೆಂಬ ಕಟ್ಟುಕಥೆಯನ್ನು ಗೂಢಚಾರರೇ ನಂಬಿದ್ದರು. ಹರ್ಮನ್ ಮತ್ತೆ ವಿಚಾರಿಸಿದಾಗ ಆ ಮನೆಯಲ್ಲಿ ಎರಡು ವಿದ್ಯುತ್ ಮೀಟರ್ ಇರುವುದು, ಅದರಲ್ಲೊಂದು ಕ್ಲೆಮೆಂಟ್ ಹೆಸರಿನಲ್ಲಿರುವುದು ತಿಳಿಯಿತು. ಅವರು ಮಾತ್ರ ಮನೆ ಮಾಲೀಕನನ್ನೇ ಐಖ್‌ಮನ್ ಎಂದುಕೊಂಡರು. ಆ ಒಂದು ತಪ್ಪಿಗೆ ಅವರ ಇಡೀ ಮಾಹಿತಿಯನ್ನೇ ಮೊಸಾದ್ ತಳ್ಳಿಹಾಕಿತು. ಮೀಟರಿನ ಮೇಲೆ ಹೆಸರು ಇದ್ದೇ ಇತ್ತಲ್ಲ!

1959ರ ಡಿಸೆಂಬರಿನಲ್ಲಿ ಬಾವರ್ ಇನ್ನೊಂದು ಮೂಲದಿಂದ ಅದೇ ‘ಕ್ಲೆಮೆಂಟ್’ ಹೆಸರು ಹಿಡಿದು ಜೆರುಸಲೇಮಿಗೇ ಹೋಗಿ ಸಿಟ್ಟಾದ ಮೇಲೆ ಕೆಲಸಕ್ಕೆ ಚುರುಕು ಬಂತು. 1960ರ ಮಾರ್ಚ್‌ನಲ್ಲಿ ಇಸ್ರೇಲಿನ ಏಜೆಂಟ್ ಝ್ವಿ ಅಹರೋನಿ ಹೋಗಿ ನೋಡಿದರೆ ಕುಟುಂಬ ಸ್ವಲ್ಪ ದಿನದ ಹಿಂದಷ್ಟೇ ಮನೆ ಖಾಲಿ ಮಾಡಿತ್ತು. ಮಗನ ಜಾಡು ಹಿಡಿದು ಗರಿಬಾಲ್ಡಿ ಬೀದಿಯ ಮನೆ ಸಿಕ್ಕಿತು. ಅಲ್ಲಿ ವಿದ್ಯುತ್ತೂ ಇರಲಿಲ್ಲ, ನಲ್ಲಿಯೂ ಇರಲಿಲ್ಲ. ಮೇ 11ರ ಸಂಜೆ ಬಸ್ಸಿಳಿದು ನಡೆದು ಬರುತ್ತಿದ್ದವನನ್ನು ಹಿಡಿದರು. ಆ ಸಾಹಸಕ್ಕೆ ಮೊಸಾದ್ ತಂಡಕ್ಕೆ ಸಲ್ಲಬೇಕಾದ ಗೌರವ ಸಲ್ಲಲಿ. ಆದರೆ ಹರ್ಮನ್ ಮತ್ತು ಬಾವರ್ ಪಾಲನ್ನು ಕಿತ್ತು ಅದಕ್ಕೆ ಕೊಡುವುದು ಅನ್ಯಾಯ. 1968ರಲ್ಲಿ ತೀರಿಕೊಂಡ ಬಾವರ್‌ಗೆ ಬದುಕಿರುವಾಗ ಈ ಕೆಲಸವನ್ನು ಬಾಯಿಬಿಟ್ಟು ಹೇಳಿಕೊಳ್ಳುವ ಅವಕಾಶವೂ ಇರಲಿಲ್ಲ.

ಉಳಿದ ತಪ್ಪುಗಳು ಚಿಕ್ಕವು. ಸಿನಿಮಾದ ವೈದ್ಯೆ ನಿಜದಲ್ಲಿ ಗಂಡಸು. ಮೊಸಾದ್‌ನಿಂದ ಯಾರೂ ತಪ್ಪಿಸಿಕೊಳ್ಳಲಿಲ್ಲ ಎಂಬುದಂತೂ ಸುಳ್ಳು. ಆಶ್‌ವಿಟ್ಜ್‌ನ ವೈದ್ಯ ಮೆಂಗಲೆ ಒಮ್ಮೆಯೂ ಕಟಕಟೆ ಹತ್ತದೆ 1979ರಲ್ಲಿ ಬ್ರೆಜಿಲ್ ಕಡಲಲ್ಲಿ ಮುಳುಗಿ ಸತ್ತ.

ಗೂಢಚಾರ ಸಂಸ್ಥೆಗಳಿಗೆ ಎಲ್ಲವೂ ಗೊತ್ತಿರುತ್ತದೆಂದು ನಂಬುವವರು ಅವು ಗೊತ್ತಿದ್ದೂ ಏನು ಮಾಡಿದವು ಎಂದು ಕೇಳುವುದೇ ಇಲ್ಲ. ಐಖ್‌ಮನ್ ಅರ್ಜೆಂಟೀನಾದಲ್ಲಿ ‘ಕ್ಲೆಮೆನ್ಸ್’ ಹೆಸರಿನಲ್ಲಿದ್ದಾನೆ ಎಂದು ಪಶ್ಚಿಮ ಜರ್ಮನಿಯ ಗುಪ್ತಚರರ ಕಡತ 1952ರಲ್ಲೇ ಹೇಳಿತ್ತು. 1958ರಲ್ಲಿ ಅದು ಅಮೆರಿಕದ ಸಿಐಎಗೂ ತಿಳಿಯಿತು. ಇಬ್ಬರೂ ಅವನನ್ನು ಹಿಡಿಯಲು ಹೊರಡಲಿಲ್ಲ. ಆ ಕಾಗದಗಳು ಜನರ ಕಣ್ಣಿಗೆ ಬಿದ್ದದ್ದು 2006 ಮತ್ತು 2011ರಲ್ಲಿ.