ಅರ್ಧಕ್ಕೆ ನಿಂತ ಪುಟ

ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯ ಬಳಿ ಕಪಿಲಾ ನದಿಗೆ ಕಟ್ಟಿದ ಅಣೆಕಟ್ಟು ಮುಗಿದದ್ದು 1974ರಲ್ಲಿ. ಅದರ ಹಿನ್ನೀರಿನಲ್ಲಿ ಎಷ್ಟೋ ಹಳ್ಳಿಗಳೂ ಹೊಲಗಳೂ ಮುಳುಗಿದವು. ಪುನ್ನಾಟ ಅರಸರ ರಾಜಧಾನಿ ಕೀರ್ತಿಪುರವೆಂದು ವಿದ್ವಾಂಸರು ಗುರುತಿಸಿದ ಕಿತ್ತೂರೂ ಅವುಗಳಲ್ಲೊಂದು. ಬೇಸಗೆಯಲ್ಲಿ ನೀರು ಇಳಿದಾಗ, ಎಂದೋ ಸತ್ತ ಮರಗಳ ಬೊಡ್ಡೆಗಳ ಸುತ್ತ ಎಳೆಯ ಹುಲ್ಲು ಚಿಗುರುತ್ತದೆ. ನಾಗರಹೊಳೆ, ಬಂಡೀಪುರಗಳ ಆನೆಗಳು ಹಿಂಡುಹಿಂಡಾಗಿ ಅದನ್ನು ಅರಸಿ ಬರುತ್ತವೆ. ಮುಳುಗಿತೆಂದು ಕೈಬಿಟ್ಟ ನೆಲದಲ್ಲಿಯೂ ಬೇರು ಉಳಿದಿರುತ್ತದೆ.

ಹತ್ತು ಹನ್ನೆರಡು ವರ್ಷಗಳ ಹಿಂದೆ ತಾವೇ ಬರೆದು ಬಿಟ್ಟಿದ್ದ ಬ್ಲಾಗನ್ನು ಮತ್ತೆ ತೆರೆದು ನೋಡುವವರ ಅನುಭವವೂ ಬಹುಮಟ್ಟಿಗೆ ಇಂಥದೇ.

ಬ್ಲಾಗೆಂದರೆ ನಾಲ್ಕು ಜನ ಓದಲೆಂದು ಅಂತರ್ಜಾಲದಲ್ಲಿ ತೆರೆದಿಟ್ಟ ದಿನಚರಿ. ಇಂಥ ಪುಟಗಳನ್ನು ಪುಕ್ಕಟೆಯಾಗಿ ಒದಗಿಸುವ ‘ಬ್ಲಾಗರ್’ ವ್ಯವಸ್ಥೆ 1999ರಲ್ಲಿ ಹುಟ್ಟಿತು. 2003ರಲ್ಲಿ ಗೂಗಲ್ ಸಂಸ್ಥೆ ಅದನ್ನು ಕೊಂಡಿತು. ಕನ್ನಡಿಗರಿಗೆ ಮಾತ್ರ ಆಗ ಅಕ್ಷರಗಳದೇ ತೊಡಕು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದಿತು. ಆದರೂ ಒಬ್ಬರು ಬರೆದದ್ದು ಇನ್ನೊಬ್ಬರ ಗಣಕದಲ್ಲಿ ಚೌಕಳಿಗಳ ಸಾಲಾಗಿ ಕಾಣುವುದು ಸಾಮಾನ್ಯವಾಗಿತ್ತು. ಯೂನಿಕೋಡ್ ಅಕ್ಷರಗಳು ಬಳಕೆಗೆ ಬಂದಮೇಲೆ ಕಟ್ಟೆಯೊಡೆದಂತಾಯಿತು. ಬ್ಯಾಂಕಿನ ಗುಮಾಸ್ತರು, ಗೃಹಿಣಿಯರು, ಕ್ಯಾಲಿಫೋರ್ನಿಯದ ಎಂಜಿನಿಯರುಗಳು ಎಲ್ಲರೂ ಬರೆಯತೊಡಗಿದರು. ಅಜ್ಜಿಯ ಹುರಿಹಿಟ್ಟು, ಮಗುವಿನ ಮೊದಲ ಮಾತು, ಬಾಡಿಗೆಮನೆಯ ಒಡೆಯನೊಡನೆ ನಡೆದ ಜಗಳ — ಯಾವ ಸಂಪಾದಕನೂ ಬಹುಶಃ ಅಚ್ಚುಹಾಕದಿದ್ದ ಸಂಗತಿಗಳಿಗೆ ಕನ್ನಡದಲ್ಲಿ ಒಂದು ಜಾಗ ದೊರೆಯಿತು. ಎಲ್ಲವೂ ಸಾಹಿತ್ಯವಾಗಿತ್ತೆಂದಲ್ಲ. ಕೆಲವನ್ನು ದಿಂಬಿನಡಿಯ ನೋಟುಪುಸ್ತಕದಲ್ಲೇ ಬಿಟ್ಟಿದ್ದರೆ ಒಳ್ಳೆಯದಿತ್ತು.

ನಿಂತದ್ದು ಹೇಗೆ? ‘ಇಂದಿನಿಂದ ಬರೆಯುವುದಿಲ್ಲ’ ಎಂದು ಸಂಕಲ್ಪ ಮಾಡಿ ನಿಲ್ಲಿಸಿದವರು ವಿರಳ. ಕೆಲಸದಲ್ಲಿ ವರ್ಗವಾಯಿತು, ಎರಡನೆಯ ಮಗು ಹುಟ್ಟಿತು, ತಂದೆಯವರಿಗೆ ಕಾಯಿಲೆಯಾಯಿತು. ಅಷ್ಟರಲ್ಲಿ ಫೇಸ್‌ಬುಕ್ಕು ಬಂದಿತ್ತು. ಅಲ್ಲಿ ಎರಡು ಸಾಲು ಬರೆದರೆ ಸಂಜೆಯೊಳಗೆ ಐವತ್ತು ಮಂದಿಯ ಮೆಚ್ಚುಗೆ. ಹಲವರ ಬ್ಲಾಗುಗಳ ಹೊಸ ಬರಹಗಳನ್ನು ಒಂದೆಡೆ ತಂದು ತೋರಿಸುತ್ತಿದ್ದ ‘ಗೂಗಲ್ ರೀಡರ್’ 2013ರ ಜುಲೈ 1ರಂದು ಮುಚ್ಚಿತು. ಬರೆಯುವವರಿಗೆ ಓದುವವರು ಕಾಣದಾದರು; ಓದುವವರಿಗೆ ದಾರಿ ತಪ್ಪಿತು.

ಈಗ ಮರಳಿ ಬರುವವರನ್ನು ಮೊದಲು ತಡೆಯುವುದು ಮರೆತುಹೋದ ಗುಪ್ತಪದ. ಮಗನೋ ಮಗಳೋ ಸಹಾಯಕ್ಕೆ ಬಂದು ಬಾಗಿಲು ತೆರೆದರೆ, ಒಳಗೆ ಹಲವು ಚಿತ್ರಗಳು ಮಾಯವಾಗಿರುತ್ತವೆ. ಕೆಳಗಿನ ಅಭಿಪ್ರಾಯಗಳಲ್ಲಿ ಈಗ ಬದುಕಿಲ್ಲದ ಸೋದರಮಾವನ ಒಂದು ತಮಾಷೆಯ ಮಾತು ಹಾಗೆಯೇ ಉಳಿದಿರುತ್ತದೆ. ಕೊನೆಯ ಬರಹವಂತೂ ಎಷ್ಟೋ ಬ್ಲಾಗುಗಳಲ್ಲಿ ‘ಉಳಿದದ್ದು ಮುಂದಿನ ವಾರ’ ಎಂದೇ ನಿಂತಿರುತ್ತದೆ. ಧಾರಾವಾಹಿಯ ಓದುಗರು ಇದನ್ನು ಎಂದಿಗೂ ಕ್ಷಮಿಸಲಾರರು!

ಆಗ ಎರಡು ಮೋಹಗಳು ಹುಟ್ಟುತ್ತವೆ. ಉದ್ದವಾದ ಕ್ಷಮಾಪಣೆ ಬರೆದು, ಇನ್ನುಮೇಲೆ ಪ್ರತಿ ಸೋಮವಾರವೂ ತಪ್ಪದೆ ಬರೆಯುವೆನೆಂದು ಘೋಷಿಸುವುದು ಒಂದು. ಯಾರೂ ಲೆಕ್ಕ ಕೇಳದಿರುವಾಗ ಇದು ಅನಾವಶ್ಯಕ, ಎರಡನೆಯ ಸೋಮವಾರವೇ ಅದು ಭಾರವಾಗುತ್ತದೆ. ಹಳೆಯ ಬರಹಗಳಿಗೆ ನಾಚಿ ಎಲ್ಲವನ್ನೂ ಅಳಿಸಿಬಿಡುವುದು ಇನ್ನೊಂದು. ಇದು ಹೆಚ್ಚು ಅಪಾಯಕರ. ಅಳಿಸುವ ಕೆಲಸವನ್ನು ಕಾಲವೇ ಸಾಕಷ್ಟು ಮಾಡುತ್ತಿದೆ. ಲಕ್ಷಾಂತರ ಜನರ ಸ್ವಂತ ಪುಟಗಳಿದ್ದ ‘ಜಿಯೊಸಿಟೀಸ್’ 2009ರಲ್ಲಿ ಬಾಗಿಲು ಹಾಕಿತು. ಎರಡು ವರ್ಷ ಬಳಸದ ಖಾತೆಗಳನ್ನು ತೆಗೆದುಹಾಕಬಹುದೆಂದು ಗೂಗಲ್ ಸಂಸ್ಥೆ 2023ರಲ್ಲಿ ಪ್ರಕಟಿಸಿತು. ಹಳೆಯದರ ಒಂದು ಪ್ರತಿಯನ್ನು ತೆಗೆದು ಮನೆಯಲ್ಲಿಟ್ಟುಕೊಳ್ಳುವುದು ಮರಳಿದವರ ಮೊದಲ ಕೆಲಸವಾಗತಕ್ಕದ್ದು. ಕಾಗದದ ಮೇಲಾದರೆ ಮತ್ತೂ ಒಳ್ಳೆಯದು.

ನಿಂತ ಬರವಣಿಗೆಯ ಬೆಲೆಯೇನೆಂದು ತಿಳಿಯಬೇಕಾದರೆ ಇದೇ ಕಪಿಲೆಯ ಗುಂಟ ಕೆಳಗೆ ನಂಜನಗೂಡಿಗೆ ಹೋಗಬೇಕು. 1887ರಲ್ಲಿ ಅಲ್ಲಿ ಜನಿಸಿದ ತಿರುಮಲಾಂಬಾ ಬಾಲ್ಯದಲ್ಲಿಯೇ ವಿಧವೆಯಾದವರು. 1913ರಲ್ಲಿ ‘ಸತೀ ಹಿತೈಷಿಣಿ’ ಗ್ರಂಥಮಾಲೆಯನ್ನು ಆರಂಭಿಸಿ ‘ಸುಶೀಲೆ’ ಕಾದಂಬರಿಯನ್ನು ಪ್ರಕಟಿಸಿದರು. ಮುಂದೆ ‘ಕರ್ಣಾಟಕ ನಂದಿನಿ’, ‘ಸನ್ಮಾರ್ಗದರ್ಶಿನಿ’ ಪತ್ರಿಕೆಗಳನ್ನು ನಡೆಸಿದರು. ಕನ್ನಡದ ಮೊದಲ ಪತ್ರಕರ್ತೆಯೆಂಬ ಹೆಸರು ಅವರದು. ಕೆಲವು ದಶಕಗಳಲ್ಲಿ ಅವರ ಲೇಖನಿ ಮೌನವಾಯಿತು. ಅವರು ತೀರಿಕೊಂಡದ್ದು 1982ರಲ್ಲಿ. ನಡುವಿನ ದೀರ್ಘಕಾಲ ಕನ್ನಡದ ಓದುಗರು ಅವರನ್ನು ಬಹುತೇಕ ಮರೆತೇಬಿಟ್ಟಿದ್ದರು. ಚಿ. ನ. ಮಂಗಳಾ ಅವರಂಥ ಲೇಖಕಿಯರ ಶ್ರಮದಿಂದ ಆ ಹೆಸರು ಮತ್ತೆ ನೆನಪಿಗೆ ಬಂದಿತು. ಆ ವಯಸ್ಸಾದ ಜೀವ ಕಂಡದ್ದೆಷ್ಟು, ಬರೆಯದೆ ಹೋದದ್ದೆಷ್ಟು!

ತಿರುಮಲಾಂಬಾ ಅವರು ಮತ್ತೆ ಪತ್ರಿಕೆ ತೆಗೆಯಬೇಕೆಂದಿದ್ದರೆ ಅಚ್ಚುಕೂಟ, ಕಾಗದ, ಚಂದಾದಾರರು, ಅಂಚೆಯ ಖರ್ಚು ಎಲ್ಲವನ್ನೂ ಹೊಸದಾಗಿ ಹೊಂದಿಸಬೇಕಾಗಿತ್ತು. ಇಂದಿನ ಬ್ಲಾಗಿನವರಿಗೆ ಆ ತಾಪತ್ರಯವಿಲ್ಲ. ಹನ್ನೆರಡು ವರ್ಷಗಳ ಕಥೆಯನ್ನೆಲ್ಲ ಒಮ್ಮೆಗೇ ಹೇಳಹೋಗದೆ, ತಾಯಿಯವರ ಕಣ್ಣಿನ ಪೊರೆ ತೆಗೆಸಿದ ದಿನದ ಬಗೆಗೋ ಹಿತ್ತಲ ಕರಿಬೇವಿನ ಗಿಡ ಒಣಗಿದ್ದರ ಬಗೆಗೋ ಹತ್ತು ಸಾಲು ಬರೆದರೂ ಆರಂಭವಾದಂತೆಯೇ. ಮೊದಲ ವಾರ ಯಾರೂ ಓದದಿರಬಹುದು, ಎರಡನೆಯ ವಾರವೂ ಅಷ್ಟೆ. ಆಮೇಲೊಂದು ದಿನ ಧಾರವಾಡದಿಂದಲೋ ಕಾಸರಗೋಡಿನಿಂದಲೋ ಗುರುತಿಲ್ಲದ ಓದುಗರೊಬ್ಬರಿಂದ ಒಂದು ಸಾಲು ಬರಲೂಬಹುದು: ‘ನಿಮ್ಮ ತಾತ ಬಾವಿ ತೋಡಿಸಿದ ಕಥೆ ಅರ್ಧಕ್ಕೇ ನಿಂತಿತ್ತು. ಕೊನೆಗೆ ನೀರು ಸಿಕ್ಕಿತೆ?’