ಮೊದಲು ಗೆರೆ, ಆಮೇಲೆ ಕತ್ತರಿ

ಊರಿನಿಂದ ನಾಸಿಕಕ್ಕೆ ತಂದಿದ್ದ ತಾಯಿಯವರ ಕೌದಿಯು ಜೀರ್ಣವಾದಾಗ, ಅದರಿಂದ ಚೀಲವೊಂದನ್ನು ಹೊಲಿಯಬಯಸಿದೆವು. ಅವಸರದಿಂದ ಕತ್ತರಿಸಿದುದರಿಂದ ಅಳತೆ ತಪ್ಪಿ, ಅವರ ಇಳಕಲ್ ಸೀರೆಯ ತುಣುಕೊಂದು ಹಾಳಾಯಿತು.

ಬಳಿಕ ಛತ್ರಪತಿ ಸಂಭಾಜಿನಗರದ ಸಮೀಪದ ಎಲ್ಲೋರಕ್ಕೆ ಹೋಗಿ, ಕೈಲಾಸ ದೇವಾಲಯವನ್ನು ಚಿತ್ರಪುಸ್ತಕದಲ್ಲಿ ಬರೆದುಕೊಂಡೆವು. 8ನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದಲ್ಲಿ, ಶಿಲ್ಪಿಗಳು ಅದನ್ನು ಒಂದೇ ಬಂಡೆಯಲ್ಲಿ ಮೇಲಿನಿಂದ ಕೆಳಕ್ಕೆ ಕಡೆದರು. ಕಡಿದ ಕಲ್ಲು ಮರಳಿ ಕೂಡದು. ಕತ್ತರಿಸಿದ ಬಟ್ಟೆಯೂ ಹಾಗೆಯೇ.

ಆದುದರಿಂದ ವಿದ್ಯಾರ್ಥಿಗಳೇ, ಮೊದಲು ಚೀಲದ ಆಕಾರವನ್ನು ಪುಸ್ತಕದಲ್ಲಿ ಬರೆಯಿರಿ. ಕತ್ತರಿಸುವಾಗ ಹೊಲಿಗೆಗಾಗಿ ಸುತ್ತಲೂ ಬೆರಳಗಲ ಬಿಡಿರಿ. ಹಳೆಯ ಹತ್ತಿಬಟ್ಟೆಯ ಮೂರು ಪದರಗಳನ್ನಿಟ್ಟು, ಒತ್ತೊತ್ತಾದ ಸಾಲುಗಳಲ್ಲಿ ಹೊಲಿಯಿರಿ. ಆಗ ಪದರಗಳು ಜಾರವು. ಮರಾಠಿ ಗೆಳೆಯರು ಕೌದಿಯನ್ನು ಗೋಧಡಿ ಎನ್ನುವರು.

ನಮ್ಮ ಎರಡನೆಯ ಚೀಲವು ಈಗ ಆ ಚಿತ್ರಪುಸ್ತಕವನ್ನೇ ಹೊತ್ತು ಶಾಲೆಗೆ ಬರುತ್ತಿದೆ.